ಗಣನಾತ್ಮಕ ಸೂಕ್ಷ್ಮದರ್ಶನ: ಲೆಕ್ಕದಿಂದ ಕಟ್ಟುವ ಸ್ಪಷ್ಟ ಚಿತ್ರ

## ಏನಿದು?

ಸೂಕ್ಷ್ಮದರ್ಶಕದ ಕೆಲಸ ವಸ್ತುವನ್ನು ಹಿಗ್ಗಿಸಿ ತೋರಿಸುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಹಿಗ್ಗಿಸುವುದು ಮಾತ್ರವೇ ಆಗಿದ್ದರೆ ಅದು ದೊಡ್ಡ ಸಾಹಸವೇನಲ್ಲ. ಮೊಬೈಲ್ ಪರದೆಯ ಮೇಲೆ ಎರಡು ಬೆರಳು ಅಗಲಿಸಿದರೂ ಚಿತ್ರ ಹಿಗ್ಗುತ್ತದೆ, ಆದರೆ ಹೊಸದೇನೂ ಕಾಣುವುದಿಲ್ಲ. ತೀರ ಹತ್ತಿರವಿರುವ ಎರಡು ಬಿಂದುಗಳನ್ನು ಒಂದಾಗಿಸದೆ ಎರಡಾಗಿಯೇ ತೋರಿಸುವುದು ನಿಜವಾದ ಕಷ್ಟ. ಈ ಗುಣಕ್ಕೆ ಪೃಥಕ್ಕರಣ ಸಾಮರ್ಥ್ಯ ಎಂದು ಹೆಸರು. ಪ್ರಯೋಗಾಲಯದ ಆಡುಮಾತಿನಲ್ಲಿ ಇದೇ ರೆಸಲ್ಯೂಷನ್.

ಬಹಳ ಕಾಲ ಈ ಸಾಮರ್ಥ್ಯವನ್ನು ಹೆಚ್ಚಿಸುವ ಭಾರವೆಲ್ಲ ಮಸೂರದ ಮೇಲೆಯೇ ಇತ್ತು. ಗಾಜನ್ನು ಇನ್ನಷ್ಟು ನಯವಾಗಿ ಉಜ್ಜುವುದು, ಮಸೂರಗಳನ್ನು ಇನ್ನಷ್ಟು ಜಾಣತನದಿಂದ ಜೋಡಿಸುವುದು ಆಗಿನ ದಾರಿ. ಕಂಪ್ಯೂಟರ್ ಬಂದ ಮೇಲೆ ಎರಡನೆಯ ದಾರಿಯೊಂದು ತೆರೆಯಿತು. ವಸ್ತುವಿನ ಚಿತ್ರಗಳನ್ನು ಗೊತ್ತಾದ ಕ್ರಮದಲ್ಲಿ ಬದಲಾಗುವ ಬೆಳಕಿನಲ್ಲಿ ತೆಗೆದು, ಅವೆಲ್ಲವನ್ನೂ ಸಮೀಕರಣಗಳಾಗಿ ಪರಿಗಣಿಸಿ, ಅವುಗಳಿಗೆ ಹೊಂದುವ ಒಂದು ಸ್ಪಷ್ಟ ಚಿತ್ರವನ್ನು ಗಣಿತದಿಂದ ಮರುರಚಿಸುವುದು ಆ ದಾರಿ. ಇದನ್ನು ಗಣನಾತ್ಮಕ ಸೂಕ್ಷ್ಮದರ್ಶನ ಎನ್ನುತ್ತಾರೆ.

ಫೋಟೋದ ಅಂಚು ತೀಡಿ, ಹೊಳಪು ಹೆಚ್ಚಿಸುವ ಸಾಫ್ಟ್‌ವೇರ್‌ಗಳ ಸಾಲಿಗೆ ಇದನ್ನು ಸೇರಿಸಬಾರದು. ಕ್ಯಾಮೆರಾವನ್ನು ತಲುಪದೇ ಹೋದ ಮಾಹಿತಿಯನ್ನು ಯಾವ ಲೆಕ್ಕವೂ ಹುಟ್ಟಿಸಲಾರದು. ಆದ ಕಾರಣ ಈ ಕ್ಷೇತ್ರದ ಅಸಲು ಜಾಣ್ಮೆ ಚಿತ್ರ ತೆಗೆಯುವ ಬಗೆಯಲ್ಲೇ ಇದೆ. ಮಸೂರದಿಂದ ತಪ್ಪಿಸಿಕೊಳ್ಳಬೇಕಾಗಿದ್ದ ಮಾಹಿತಿಯನ್ನು ವೇಷ ಬದಲಿಸಿ ಒಳಗೆ ತರಬೇಕು. ಲೆಕ್ಕ ಆಮೇಲೆ ಆ ವೇಷವನ್ನು ಕಳಚುತ್ತದೆ.

## ಮಸೂರಕ್ಕೆ ಮಿತಿ ಏಕೆ?

ಬೆಳಕು ಅಲೆಯಾಗಿ ಸಾಗುತ್ತದೆ. ಸಣ್ಣ ವಸ್ತುವನ್ನು ಹಾಯುವಾಗ ಅದು ನೇರವಾಗಿ ಹೋಗದೆ ಬಾಗಿ ಹರಡುತ್ತದೆ. ಈ ವಿದ್ಯಮಾನವೇ ವಿವರ್ತನೆ. ವಸ್ತುವಿನಲ್ಲಿರುವ ವಿವರ ಎಷ್ಟು ಸಣ್ಣದೋ ಬೆಳಕು ಅಷ್ಟು ಹೆಚ್ಚಿನ ಕೋನದಲ್ಲಿ ಪಕ್ಕಕ್ಕೆ ಹರಡುತ್ತದೆ. ಮಸೂರದ ಅಗಲವಾದರೋ ಸೀಮಿತ. ಹೆಚ್ಚು ಕೋನದಲ್ಲಿ ಹೊರಟ ಕಿರಣಗಳು ಮಸೂರದ ಅಂಚಿನಾಚೆ ಹೋಗಿಬಿಡುತ್ತವೆ. ಅವು ಹೊತ್ತಿದ್ದ ಸೂಕ್ಷ್ಮ ವಿವರಗಳೂ ಅವುಗಳೊಡನೆಯೇ ಹೋಗುತ್ತವೆ.

ಇದನ್ನು ಲೆಕ್ಕಕ್ಕೆ ತಂದವರು ಜರ್ಮನಿಯ ಯೇನಾ ನಗರದ ಭೌತವಿಜ್ಞಾನಿ ಅರ್ನ್ಸ್ಟ್ ಅಬ್ಬೆ. ಕಾರ್ಲ್ ಝೈಸ್ ಅವರ ಕಾರ್ಯಾಗಾರಕ್ಕಾಗಿ ಮಸೂರಗಳನ್ನು ರೂಪಿಸುತ್ತಿದ್ದ ಅವರು 1873ರಲ್ಲಿ ಈ ಮಿತಿಯನ್ನು ಪ್ರಕಟಿಸಿದರು. ಬೆಳಕಿನ ತರಂಗದೂರವನ್ನು ಮಸೂರದ ಸಂಖ್ಯಾತ್ಮಕ ದ್ಯುತಿರಂಧ್ರದ ಎರಡು ಪಟ್ಟಿನಿಂದ ಭಾಗಿಸಿದರೆ ಬರುವ ದೂರಕ್ಕಿಂತ ಹತ್ತಿರದ ಗೆರೆಗಳನ್ನು ಸೂಕ್ಷ್ಮದರ್ಶಕ ಬೇರ್ಪಡಿಸಲಾರದು ಎಂಬುದು ಅದರ ಸಾರ. ಯೇನಾದಲ್ಲಿರುವ ಅಬ್ಬೆ ಸ್ಮಾರಕದ ಮೇಲೆ ಈ ಸೂತ್ರವನ್ನು ಕಲ್ಲಿನಲ್ಲಿ ಕೆತ್ತಲಾಗಿದೆ.

ಸಂಖ್ಯಾತ್ಮಕ ದ್ಯುತಿರಂಧ್ರ ಎಂಬುದು ಮಸೂರ ಎಷ್ಟು ಅಗಲದ ಬೆಳಕಿನ ಶಂಕುವನ್ನು ಹಿಡಿಯಬಲ್ಲದು ಎಂಬುದರ ಅಳತೆ. ಶಂಕುವಿನ ಅರ್ಧಕೋನದ ಸೈನ್ ಮೌಲ್ಯವನ್ನು, ವಸ್ತುವಿಗೂ ಮಸೂರಕ್ಕೂ ನಡುವಿನ ಮಾಧ್ಯಮದ ವಕ್ರೀಭವನ ಸೂಚ್ಯಂಕದಿಂದ ಗುಣಿಸಿದರೆ ಇದು ದೊರೆಯುತ್ತದೆ. ಬಳಕೆಯಲ್ಲಿ ಇದನ್ನು ಎನ್‌ಎ ಎಂದಷ್ಟೇ ಹೇಳುತ್ತಾರೆ. ಪ್ರತಿ ವಸ್ತುಕ ಮಸೂರದ ಮೈಮೇಲೆ ಈ ಸಂಖ್ಯೆಯನ್ನು ಕೊರೆದಿರುತ್ತಾರೆ. ಗಾಳಿಯಲ್ಲಿ ಅದು 1ನ್ನು ಮೀರದು. ಎಣ್ಣೆಯ ಹನಿ ಹಾಕಿ ನೋಡುವ ಮಸೂರಗಳಲ್ಲಿ ಸಾಮಾನ್ಯವಾಗಿ 1.4ರವರೆಗೆ ಹೋಗುತ್ತದೆ. 550 ನ್ಯಾನೊಮೀಟರ್ ತರಂಗದೂರದ ಹಸಿರು ಬೆಳಕಿಗೆ ಇಂಥ ಮಸೂರದ ಮಿತಿ ಸುಮಾರು 200 ನ್ಯಾನೊಮೀಟರ್.

ಈ 200 ನ್ಯಾನೊಮೀಟರ್ ಜೀವಕೋಶದ ಒಳಗೆ ದೊಡ್ಡ ದೂರ. ಕೆಂಪು ರಕ್ತಕಣದ ಅಡ್ಡಳತೆ ಸುಮಾರು 7,500 ನ್ಯಾನೊಮೀಟರ್, ಕರುಳಿನ ಬ್ಯಾಕ್ಟೀರಿಯದ ಉದ್ದ ಸುಮಾರು 2,000. ಇವು ಚೆನ್ನಾಗಿಯೇ ಕಾಣುತ್ತವೆ. ಕೊರೊನಾ ವೈರಸ್ಸಿನ ಅಡ್ಡಳತೆ ಸುಮಾರು 100, ಪ್ರೋಟೀನು ತಯಾರಿಸುವ ರೈಬೋಸೋಮಿನದು ಸುಮಾರು 25. ಇವುಗಳ ಆಕಾರ ಬೆಳಕಿನ ಸಾಮಾನ್ಯ ಸೂಕ್ಷ್ಮದರ್ಶಕಕ್ಕೆ ಎಟುಕುವುದಿಲ್ಲ.

## ಚಿತ್ರವನ್ನು ಗೆರೆಗಳ ಮೊತ್ತವಾಗಿ ನೋಡುವುದು

ಮುಂದಿನದೆಲ್ಲ ಅರ್ಥವಾಗಲು ಒಂದು ಗಣಿತದ ನೋಟ ಬೇಕು. ಯಾವುದೇ ಚಿತ್ರವನ್ನು ಬೇರೆ ಬೇರೆ ದಪ್ಪದ, ಬೇರೆ ಬೇರೆ ದಿಕ್ಕಿನ ಕಪ್ಪು-ಬಿಳುಪು ಪಟ್ಟೆಗಳ ಮೊತ್ತವೆಂದು ಬರೆಯಬಹುದು. ಹೀಗೆ ಬಿಡಿಸುವ ಕ್ರಿಯೆಗೆ ಫೋರಿಯರ್ ಪರಿವರ್ತನೆ ಎನ್ನುತ್ತಾರೆ. ದಪ್ಪ ಪಟ್ಟೆಗಳು ಚಿತ್ರದ ಒಟ್ಟಾರೆ ಆಕಾರವನ್ನೂ, ಒತ್ತಾದ ಪಟ್ಟೆಗಳು ಅಂಚು ಮತ್ತು ಸಣ್ಣ ಚುಕ್ಕೆಗಳನ್ನೂ ಕೊಡುತ್ತವೆ. ಒಂದು ಮೈಕ್ರೊಮೀಟರ್ ಅಗಲದಲ್ಲಿ ಎಷ್ಟು ಪಟ್ಟೆ ಇವೆ ಎಂಬ ಎಣಿಕೆಯೇ ದೈಶಿಕ ಆವೃತ್ತಿ.

ಈ ಭಾಷೆಯಲ್ಲಿ ಅಬ್ಬೆಯ ಮಿತಿ ಬಹಳ ಸರಳವಾಗುತ್ತದೆ. 200 ನ್ಯಾನೊಮೀಟರ್ ಮಿತಿಯಿರುವ ಮಸೂರವು ಮೈಕ್ರೊಮೀಟರ್‌ಗೆ 5 ಪಟ್ಟೆಯವರೆಗಿನ ಆವೃತ್ತಿಗಳನ್ನು ಮಾತ್ರ ಒಳಗೆ ಬಿಡುತ್ತದೆ. 6, 7, 8 ಪಟ್ಟೆಗಳ ವಿವರಗಳು ವಸ್ತುವಿನಲ್ಲಿದ್ದರೂ ಚಿತ್ರದಲ್ಲಿ ಇರುವುದಿಲ್ಲ. ಆವೃತ್ತಿಗಳ ನಕ್ಷೆಯಲ್ಲಿ ನೋಡಿದರೆ ಮಸೂರ ಹಾಯಿಸುವ ಪ್ರದೇಶ ಒಂದು ವೃತ್ತ. ಪೃಥಕ್ಕರಣ ಸಾಮರ್ಥ್ಯ ಹೆಚ್ಚಿಸುವುದೆಂದರೆ ಈ ವೃತ್ತವನ್ನು ದೊಡ್ಡದು ಮಾಡುವುದು.

ಹಲವು ಅಪೂರ್ಣ ಅಳತೆಗಳಿಂದ ಪೂರ್ಣ ಚಿತ್ರ ಕಟ್ಟುವ ಗಣಿತಕ್ಕೆ ಬೆಂಗಳೂರಿನ ಕೊಡುಗೆಯೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ 1971ರಲ್ಲಿ ಬರೆದ ಪ್ರಬಂಧ, ಬೇರೆ ಬೇರೆ ಕೋನಗಳಿಂದ ತೆಗೆದ ನೆರಳು-ಚಿತ್ರಗಳಿಂದ ವಸ್ತುವಿನ ಮೂರು ಆಯಾಮದ ರೂಪವನ್ನು ಸುಲಭವಾಗಿ ಲೆಕ್ಕ ಹಾಕುವ ವಿಧಾನವನ್ನು ಕೊಟ್ಟಿತು. ಅದರ ಶೀರ್ಷಿಕೆಯಲ್ಲೇ ಎಕ್ಸ್‌ರೇ ಚಿತ್ರಗಳ ಜೊತೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳ ಪ್ರಸ್ತಾಪವಿದೆ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನ್‌ನ ಪಠ್ಯಪುಸ್ತಕಗಳಲ್ಲಿ ಇಂದಿಗೂ ಬರುವ ‘ರಾಮ್-ಲಾಕ್’ ಶೋಧಕ ಈ ಇಬ್ಬರ ಹೆಸರಿನದು.

## ಮಸುಕನ್ನು ಹಿಂದಕ್ಕೆ ಲೆಕ್ಕ ಹಾಕುವುದು

ಮರುರಚನೆಯ ವಿಧಾನಗಳಲ್ಲಿ ಹಳೆಯದು ಡಿಕನ್ವಲ್ಯೂಷನ್. ಒಂದೇ ಒಂದು ಹೊಳೆಯುವ ಬಿಂದುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಬಿಂದುವಾಗಿ ಕಾಣದೆ, ಸುತ್ತ ಮಂಕಾದ ಉಂಗುರಗಳುಳ್ಳ ತಟ್ಟೆಯಾಗಿ ಕಾಣುತ್ತದೆ. ಈ ನಮೂನೆಯನ್ನು 1835ರಲ್ಲಿ ಲೆಕ್ಕ ಹಾಕಿದವರು ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾರ್ಜ್ ಏರಿ. ಚಿತ್ರದಲ್ಲಿ ಕಾಣುವುದೆಲ್ಲ ಇಂಥ ತಟ್ಟೆಗಳ ಮೊತ್ತ. ತಟ್ಟೆಯ ನಮೂನೆ ನಿಖರವಾಗಿ ಗೊತ್ತಿದ್ದರೆ, ಅವುಗಳ ಮೊತ್ತದಿಂದ ಮೂಲ ಬಿಂದುಗಳ ಹಂಚಿಕೆಯನ್ನು ಹಿಂದಕ್ಕೆ ಲೆಕ್ಕ ಹಾಕಬಹುದು.

ಇದಕ್ಕೆ ಹೆಚ್ಚು ಬಳಕೆಯಾಗುವ ಕ್ರಮವನ್ನು ವಿಲಿಯಂ ರಿಚರ್ಡ್‌ಸನ್ 1972ರಲ್ಲಿ, ಲಿಯಾನ್ ಲೂಸಿ 1974ರಲ್ಲಿ ಸ್ವತಂತ್ರವಾಗಿ ಕೊಟ್ಟರು. ಮೊದಲು ಮೂಲ ವಸ್ತು ಹೀಗಿರಬಹುದು ಎಂದು ಊಹಿಸಬೇಕು. ಆ ಊಹೆಯನ್ನು ಲೆಕ್ಕದಲ್ಲೇ ಮಸುಕುಗೊಳಿಸಿ ಕ್ಯಾಮೆರಾದ ಚಿತ್ರದೊಡನೆ ಹೋಲಿಸಬೇಕು. ಎಲ್ಲಿ ಕಡಿಮೆ ಬಿದ್ದಿದೆಯೋ ಅಲ್ಲಿ ಊಹೆಯನ್ನು ಏರಿಸಿ, ಎಲ್ಲಿ ಹೆಚ್ಚಾಗಿದೆಯೋ ಅಲ್ಲಿ ಇಳಿಸಿ ಮತ್ತೆ ಹೋಲಿಸಬೇಕು. ಹೀಗೆ ಕೆಲವು ಸುತ್ತು ಮಾಡಿದರೆ ಚಿತ್ರ ತಿಳಿಯಾಗುತ್ತದೆ. ಸುತ್ತುಗಳು ಮಿತಿ ಮೀರಿದರೆ ಕ್ಯಾಮೆರಾದ ಗದ್ದಲವೇ ಚುಕ್ಕೆ ಚುಕ್ಕೆಯಾಗಿ ಬೆಳೆದು ನಿಲ್ಲುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಅನುಭವದ ಮಾತು.

ಹಬಲ್ ದೂರದರ್ಶಕ 1990ರಲ್ಲಿ ಮೇಲೇರಿದಾಗ ಅದರ ಮುಖ್ಯ ಕನ್ನಡಿಯ ಆಕಾರದಲ್ಲಿ ದೋಷ ಕಂಡುಬಂತು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವವರೆಗೆ ಖಗೋಳವಿಜ್ಞಾನಿಗಳು ಮಸುಕು ಚಿತ್ರಗಳನ್ನು ಈ ಬಗೆಯ ಲೆಕ್ಕದಿಂದಲೇ ತಿಳಿಗೊಳಿಸಿಕೊಂಡರು. ಜೀವವಿಜ್ಞಾನದಲ್ಲಿ 1980ರ ದಶಕದಲ್ಲಿ ಡೇವಿಡ್ ಅಗಾರ್ಡ್ ಮತ್ತು ಜಾನ್ ಸೆಡಾಟ್ ಹಣ್ಣುನೊಣದ ದೈತ್ಯ ವರ್ಣತಂತುಗಳನ್ನು ನೋಡಲು ಇಂಥ ವಿಧಾನ ಬಳಸಿದರು. ಆದರೂ ಡಿಕನ್ವಲ್ಯೂಷನ್ ಮುಖ್ಯವಾಗಿ ಆವೃತ್ತಿ ನಕ್ಷೆಯ ವೃತ್ತದ ಒಳಗೆ ಮಂಕಾಗಿರುವುದನ್ನು ಎತ್ತಿ ತೋರಿಸುತ್ತದೆ. ವೃತ್ತವನ್ನು ಹಿಗ್ಗಿಸಲು ಬೇರೆ ಉಪಾಯ ಬೇಕು.

## ಪಟ್ಟೆ ಬೆಳಕಿನ ಉಪಾಯ

ಸೊಳ್ಳೆಪರದೆಯ ಎರಡು ಪದರಗಳನ್ನು ಒಂದರ ಮೇಲೊಂದು ಹಿಡಿದು ಸ್ವಲ್ಪ ಓರೆ ಮಾಡಿದರೆ, ಎರಡರಲ್ಲೂ ಇಲ್ಲದ ಅಗಲವಾದ ಪಟ್ಟೆಗಳು ಮೂಡುತ್ತವೆ. ಇವು ಮೊಯಿರೆ ಪಟ್ಟೆಗಳು. ಎರಡು ಒತ್ತಾದ ನಮೂನೆಗಳು ಕೂಡಿದಾಗ ಅವುಗಳ ಆವೃತ್ತಿಗಳ ವ್ಯತ್ಯಾಸಕ್ಕೆ ಸಮನಾದ ಮೂರನೆಯ ನಮೂನೆ ಹುಟ್ಟುತ್ತದೆ. ವ್ಯತ್ಯಾಸ ಸಣ್ಣದಾದ್ದರಿಂದ ಪಟ್ಟೆ ದಪ್ಪವಾಗಿರುತ್ತದೆ, ಕಣ್ಣಿಗೆ ಕಾಣುತ್ತದೆ.

ರಚಿತ ಪ್ರಕಾಶ ಸೂಕ್ಷ್ಮದರ್ಶನ ನಿಂತಿರುವುದು ಇದರ ಮೇಲೆ. ಪ್ರಯೋಗಾಲಯಗಳಲ್ಲಿ ಇದನ್ನು ಸಿಮ್ ಎಂದೇ ಕರೆಯುತ್ತಾರೆ. ಬೆಳಕು ಬಿದ್ದಾಗ ತಾನೇ ಬೆಳಗುವ ಪ್ರತಿದೀಪ್ತಿ ಬಣ್ಣ ಹಚ್ಚಿದ ಮಾದರಿಯ ಮೇಲೆ ಸಮನಾದ ಬೆಳಕಿನ ಬದಲು ಪಟ್ಟೆ ಪಟ್ಟೆಯಾದ ಬೆಳಕನ್ನು ಬೀಳಿಸುತ್ತಾರೆ. ಮೇಲೆ ಹೇಳಿದ 200 ನ್ಯಾನೊಮೀಟರ್ ಮಿತಿಯ ಮಸೂರವನ್ನೇ ತೆಗೆದುಕೊಳ್ಳೋಣ. ಅದು 5ರವರೆಗೆ ಮಾತ್ರ ಹಾಯಿಸುತ್ತದೆ. ಮಾದರಿಯಲ್ಲಿ ಮೈಕ್ರೊಮೀಟರ್‌ಗೆ 8 ಪಟ್ಟೆಗಳ ವಿವರವೊಂದಿದೆ. ಅದು ನೇರವಾಗಿ ಕಾಣದು. ಬೆಳಕಿನ ಪಟ್ಟೆಗಳು ಮೈಕ್ರೊಮೀಟರ್‌ಗೆ 4.5 ಇದ್ದರೆ, ಎರಡು ನಮೂನೆಗಳೂ ಒಂದಕ್ಕೊಂದು ಗುಣಿಸಿಕೊಂಡು, 8 ಕಳೆ 4.5, ಅಂದರೆ 3.5 ಪಟ್ಟೆಗಳ ಮೊಯಿರೆ ಹುಟ್ಟುತ್ತದೆ. 3.5 ಎಂಬುದು 5ರ ಒಳಗೇ ಇದೆ. ಮಸೂರ ಅದನ್ನು ಹಾಯಿಸುತ್ತದೆ. ಬೆಳಕಿನ ಪಟ್ಟೆ 4.5 ಎಂದು ನಮಗೆ ಮೊದಲೇ ಗೊತ್ತಿರುವುದರಿಂದ, ಚಿತ್ರದಲ್ಲಿ ಕಂಡ 3.5ಕ್ಕೆ ಅದನ್ನು ಕೂಡಿಸಿ ವಿವರವನ್ನು ಅದರ ನಿಜವಾದ ಸ್ಥಾನವಾದ 8ಕ್ಕೆ ಮರಳಿಸಬಹುದು.

ತೊಡಕು ಒಂದೇ. ಚಿತ್ರದಲ್ಲಿ ಮೊಯಿರೆಯ ಜೊತೆಗೆ ಸಾಮಾನ್ಯ ವಿವರಗಳೂ ಬೆರೆತಿರುತ್ತವೆ. ಒಟ್ಟು ಮೂರು ಭಾಗಗಳು ಒಂದರ ಮೇಲೊಂದು ಬಿದ್ದಿರುತ್ತವೆ: ಸ್ಥಳ ಬದಲಿಸದ ಭಾಗ, ಒಂದು ಕಡೆಗೆ ಸರಿದ ಭಾಗ, ಇನ್ನೊಂದು ಕಡೆಗೆ ಸರಿದ ಭಾಗ. ಮೂರು ಅಜ್ಞಾತಗಳಿಗೆ ಮೂರು ಸಮೀಕರಣ ಬೇಕೆಂಬುದು ಶಾಲೆಯ ಪಾಠ. ಪಟ್ಟೆಯನ್ನು ಮೂರನೇ ಒಂದು ಪಾಲಿನಷ್ಟು ಸರಿಸಿ ಸರಿಸಿ ಮೂರು ಚಿತ್ರ ತೆಗೆದರೆ ಮೂರು ಸಮೀಕರಣಗಳು ಸಿಗುತ್ತವೆ. ಪಟ್ಟೆಗಳಿಗೆ ಅಡ್ಡವಾದ ದಿಕ್ಕಿನಲ್ಲಿ ಮಾತ್ರ ಲಾಭವಾಗುವುದರಿಂದ ಅದನ್ನು 60 ಡಿಗ್ರಿ ತಿರುಗಿಸಿ ಮತ್ತೆ ಮೂರು, ಇನ್ನೊಮ್ಮೆ ತಿರುಗಿಸಿ ಮತ್ತೆ ಮೂರು. ಒಟ್ಟು ಒಂಬತ್ತು ಚಿತ್ರಗಳಿಂದ ಒಂದು ಚಿತ್ರ.

ಸ್ವೀಡನ್ ಮೂಲದ ಮ್ಯಾಟ್ಸ್ ಗುಸ್ಟಾಫ್‌ಸನ್ 2000ದಲ್ಲಿ ಈ ವಿಧಾನದಿಂದ ಪೃಥಕ್ಕರಣ ಸಾಮರ್ಥ್ಯವನ್ನು ಇಮ್ಮಡಿಗೊಳಿಸಿ ತೋರಿಸಿದರು. ಇಮ್ಮಡಿಯೇ ಏಕೆ, ಹತ್ತು ಪಟ್ಟು ಏಕಾಗದು? ಬೆಳಕಿನ ಪಟ್ಟೆಯನ್ನು ಮೂಡಿಸುವುದೂ ಅದೇ ಮಸೂರ. ಅದೂ 5ನ್ನು ದಾಟಲಾರದು. 5 ಮತ್ತು 5 ಸೇರಿ 10, ಅಂದರೆ ಸುಮಾರು 100 ನ್ಯಾನೊಮೀಟರ್. ಬೆಳಕಿಗೆ ಬಣ್ಣದ ಅಣುಗಳು ನೇರ ಅನುಪಾತದಲ್ಲಿ ಸ್ಪಂದಿಸದಂತೆ ಮಾಡಿದರೆ ಈ ಗಡಿಯನ್ನೂ ಮೀರಬಹುದೆಂದು ಅವರೇ 2005ರಲ್ಲಿ ತೋರಿಸಿದರು. ಅದಕ್ಕೆ ಬೇಕಾದ ಪ್ರಖರ ಬೆಳಕನ್ನು ಜೀವಂತ ಕೋಶಗಳು ಸಹಿಸುವುದು ಕಷ್ಟ.

## ಒಂದೇ ಮಸೂರ, ನೂರು ದೀಪ

ಸೂಕ್ಷ್ಮದರ್ಶಕ ಬಳಸುವವರಿಗೆಲ್ಲ ಗೊತ್ತಿರುವ ಇಕ್ಕಟ್ಟು ಇನ್ನೊಂದಿದೆ. ಕಡಿಮೆ ವರ್ಧನೆಯ ಮಸೂರದಲ್ಲಿ ಸ್ಲೈಡಿನ ವಿಶಾಲ ಭಾಗ ಒಮ್ಮೆಲೇ ಕಾಣುತ್ತದೆ, ಆದರೆ ವಿವರವಿಲ್ಲ. ಹೆಚ್ಚು ವರ್ಧನೆಗೆ ಹೋದರೆ ವಿವರವಿದೆ, ಕಾಣುವ ಜಾಗ ಒಂದು ಚದರ ಮಿಲಿಮೀಟರ್ ಆಸುಪಾಸು. ಎರಡೂ ಬೇಕೆಂದರೆ ಸ್ಲೈಡನ್ನು ಸರಿಸುತ್ತ ನೂರಾರು ಚಿತ್ರ ತೆಗೆದು ಹೊಲಿಯಬೇಕು. ಪ್ರತಿ ಬಾರಿ ಫೋಕಸ್ ಸರಿಮಾಡಿಕೊಳ್ಳಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿ ಗುವಾನ್ ಝೆಂಗ್, ರೋರ್ಕ್ ಹಾರ್ಸ್ಟ್‌ಮೇಯರ್ ಮತ್ತು ಚಾಂಗ್‌ಹುಯಿ ಯಾಂಗ್ 2013ರಲ್ಲಿ ಪ್ರಕಟಿಸಿದ ಫೋರಿಯರ್ ಟೈಕೋಗ್ರಫಿ ಈ ಇಕ್ಕಟ್ಟನ್ನು ಬಿಡಿಸಿತು. ಉಪಕರಣದಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ. ಸಾಧಾರಣ ಸೂಕ್ಷ್ಮದರ್ಶಕ, ಎರಡು ಪಟ್ಟು ವರ್ಧನೆಯ, 0.08 ಎನ್‌ಎಯ ಅಗ್ಗದ ಮಸೂರ, ಕೆಳಗೆ ದೀಪದ ಬದಲು ಸಾಲು ಸಾಲು ಎಲ್‌ಇಡಿಗಳ ಹಲಗೆ. ಎಲ್‌ಇಡಿಗಳನ್ನು ಒಂದೊಂದಾಗಿ ಹೊತ್ತಿಸಿ, ಒಂದೊಂದಕ್ಕೂ ಒಂದು ಚಿತ್ರ ತೆಗೆಯುವುದು. ಮಾದರಿಯಾಗಲಿ ಮಸೂರವಾಗಲಿ ಅಲುಗುವುದೇ ಇಲ್ಲ.

ನೆಟ್ಟಗೆ ಕೆಳಗಿರುವ ಎಲ್‌ಇಡಿ ಹೊತ್ತಿದಾಗ ಮಸೂರ ಆವೃತ್ತಿ ನಕ್ಷೆಯ ನಡುವಿನ ಸಣ್ಣ ವೃತ್ತವನ್ನು ಹಿಡಿಯುತ್ತದೆ. ಪಕ್ಕದ ಎಲ್‌ಇಡಿಯ ಬೆಳಕು ಓರೆಯಾಗಿ ಬೀಳುತ್ತದೆ. ಓರೆ ಬೆಳಕಿನಲ್ಲಿ ಮಾದರಿಯಿಂದ ಹೊರಡುವ ಕಿರಣಗಳೆಲ್ಲ ಅಷ್ಟೇ ಕೋನ ವಾಲುತ್ತವೆ. ಮೊದಲು ಮಸೂರದಿಂದ ತಪ್ಪಿಸಿಕೊಳ್ಳುತ್ತಿದ್ದ ಕಿರಣಗಳು ಈಗ ಅದರೊಳಗೆ ಬೀಳುತ್ತವೆ. ನಕ್ಷೆಯಲ್ಲಿ ಇದರರ್ಥ, ಅದೇ ಸಣ್ಣ ವೃತ್ತ ಬೇರೆ ಜಾಗಕ್ಕೆ ಸರಿದಿದೆ. ದೂರದ ಎಲ್‌ಇಡಿಗಳಿಗೆ ಬಂದಾಗ ಬೆಳಕಿನ ಓರೆ ಎಷ್ಟಾಗುತ್ತದೆಂದರೆ ನೇರ ಬೆಳಕು ಮಸೂರದೊಳಗೆ ಬರುವುದೇ ಇಲ್ಲ, 0.08 ಎನ್‌ಎಗೆ ಈ ಗಡಿ ಸುಮಾರು 4.6 ಡಿಗ್ರಿ. ಅಲ್ಲಿಂದಾಚೆ ಚಿತ್ರ ಕಪ್ಪಾಗಿ, ಅಂಚುಗಳು ಮಾತ್ರ ಮಿನುಗುತ್ತ ಕಾಣುತ್ತವೆ. ಮೊದಲ ಬಾರಿ ನೋಡುವವರಿಗೆ ಕೆಟ್ಟ ಚಿತ್ರವೆಂದೇ ತೋರುತ್ತದೆ. ಹೆಚ್ಚಿನ ಸೂಕ್ಷ್ಮ ವಿವರ ಅಡಗಿರುವುದು ಈ ಕಪ್ಪು ಚಿತ್ರಗಳಲ್ಲೇ. ಆದ್ದರಿಂದ ಇವುಗಳಿಗೆ ಹೆಚ್ಚು ಹೊತ್ತು ಬೆಳಕು ಕೊಡಬೇಕು.

ಇವನ್ನು ಜೋಡಿಸಲು ಒಂದು ಅಡ್ಡಿಯಿದೆ. ಅಲೆಗೆ ಎರಡು ಲಕ್ಷಣಗಳು: ಅದರ ಪಾರ ಮತ್ತು ಅದರ ಪ್ರಾವಸ್ಥೆ. ಅಲೆ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಪಾರ, ಅದರ ಉಬ್ಬುತಗ್ಗುಗಳು ಯಾವ ಕ್ಷಣದಲ್ಲಿ ಎಲ್ಲಿವೆ ಎಂಬುದನ್ನು ಹೇಳುವುದು ಪ್ರಾವಸ್ಥೆ. ಕ್ಯಾಮೆರಾ ಪಾರದ ವರ್ಗವಾದ ತೀವ್ರತೆಯನ್ನಷ್ಟೇ ದಾಖಲಿಸುತ್ತದೆ, ಪ್ರಾವಸ್ಥೆ ಕಳೆದುಹೋಗುತ್ತದೆ. ಪ್ರಾವಸ್ಥೆ ಇಲ್ಲದೆ ಆವೃತ್ತಿಯ ತುಂಡುಗಳನ್ನು ಕೂಡಿಸಲಾಗದು. ಎಕ್ಸ್‌ರೇ ಸ್ಫಟಿಕಶಾಸ್ತ್ರವನ್ನು ದಶಕಗಳ ಕಾಲ ಕಾಡಿದ್ದೂ ಇದೇ ಪ್ರಾವಸ್ಥಾ ಸಮಸ್ಯೆ.

ಪರಿಹಾರ ಇರುವುದು ಅತಿಕ್ರಮಣದಲ್ಲಿ. ಪಕ್ಕಪಕ್ಕದ ಎಲ್‌ಇಡಿಗಳ ವೃತ್ತಗಳು ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಹಾಯುವಂತೆ ದೀಪಗಳನ್ನು ಇಟ್ಟಿರುತ್ತಾರೆ. ಹಾಗಾಗಿ ನಕ್ಷೆಯ ಒಂದೇ ಜಾಗವನ್ನು ಹಲವು ಚಿತ್ರಗಳು ಕಂಡಿರುತ್ತವೆ. ಅವೆಲ್ಲಕ್ಕೂ ಒಪ್ಪುವ ಪ್ರಾವಸ್ಥೆ ಒಂದೇ ಇರಬೇಕು. ಲೆಕ್ಕ ಹೀಗೆ ಸಾಗುತ್ತದೆ. ಒಂದು ಊಹೆಯ ಚಿತ್ರದಿಂದ ಆರಂಭಿಸಿ ಅದರ ಆವೃತ್ತಿ ನಕ್ಷೆಯನ್ನು ಮಾಡುತ್ತಾರೆ. ಮೊದಲ ಎಲ್‌ಇಡಿಗೆ ಸೇರಿದ ವೃತ್ತವನ್ನು ಕತ್ತರಿಸಿ ತೆಗೆದು, ಅದು ಕೊಡುವ ಸಣ್ಣ ಚಿತ್ರವನ್ನು ಲೆಕ್ಕ ಹಾಕುತ್ತಾರೆ. ಈ ಚಿತ್ರದ ಪಾರವನ್ನು ಅಳಿಸಿ, ಆ ಜಾಗದಲ್ಲಿ ಕ್ಯಾಮೆರಾ ನಿಜವಾಗಿ ಅಳೆದ ತೀವ್ರತೆಯ ವರ್ಗಮೂಲವನ್ನು ಇಡುತ್ತಾರೆ. ಪ್ರಾವಸ್ಥೆಯನ್ನು ಇದ್ದಂತೆ ಬಿಡುತ್ತಾರೆ. ತಿದ್ದಿದ ತುಂಡನ್ನು ನಕ್ಷೆಯಲ್ಲಿ ಅದರ ಜಾಗಕ್ಕೆ ಮರಳಿಸಿ ಮುಂದಿನ ಎಲ್‌ಇಡಿಗೆ ಹೋಗುತ್ತಾರೆ. ಎಲ್ಲ ದೀಪಗಳೂ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಕೆಲವು ಸುತ್ತುಗಳಲ್ಲಿ ತುಂಡುಗಳ ನಡುವಿನ ಜಗಳ ತೀರಿ, ಎಲ್ಲಕ್ಕೂ ಹೊಂದುವ ಒಂದೇ ನಕ್ಷೆ ನೆಲೆಗೊಳ್ಳುತ್ತದೆ. ಅಳತೆಯನ್ನೂ ಊಹೆಯನ್ನೂ ಹೀಗೆ ಸರದಿಯ ಮೇಲೆ ಒಪ್ಪಿಸುತ್ತ ಹೋಗುವ ಕ್ರಮಕ್ಕೆ ಮೂಲ, ಗರ್ಚ್‌ಬರ್ಗ್ ಮತ್ತು ಸ್ಯಾಕ್ಸ್‌ಟನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ 1972ರಲ್ಲಿ ಬರೆದ ಪ್ರಬಂಧ.

ನೂರಕ್ಕೂ ಹೆಚ್ಚು ಎಲ್‌ಇಡಿಗಳ ಚಿತ್ರಗಳಿಂದ 2013ರ ಉಪಕರಣದ ಎನ್‌ಎ 0.08ರಿಂದ ಸುಮಾರು 0.5ಕ್ಕೆ ಏರಿತು. 0.78 ಮೈಕ್ರೊಮೀಟರ್ ವಿವರ ಸುಮಾರು 120 ಚದರ ಮಿಲಿಮೀಟರ್ ಜಾಗದ ಉದ್ದಗಲಕ್ಕೂ ದೊರೆಯಿತು. ಜೊತೆಗೆ 0.3 ಮಿಲಿಮೀಟರ್ ಆಳದವರೆಗೆ ಫೋಕಸ್ ತಪ್ಪಿದ್ದರೂ ಲೆಕ್ಕದಲ್ಲೇ ಸರಿಪಡಿಸಲು ಸಾಧ್ಯವಾಯಿತು. ಪ್ರಾವಸ್ಥೆ ಗೊತ್ತಾದ ಮೇಲೆ ಮಸೂರದ ದೋಷಗಳನ್ನೂ ಅದೇ ಲೆಕ್ಕದಲ್ಲಿ ಕಳೆಯಬಹುದು. ಅಗ್ಗದ ಮಸೂರ ದುಬಾರಿ ಮಸೂರದ ಕೆಲಸ ಮಾಡುವುದು ಹೀಗೆ. ಈ ಕ್ಷೇತ್ರದ ಮಿತವ್ಯಯದ ವಿಧಾನಗಳಲ್ಲಿ ಇದೂ ಒಂದು. ಪ್ರತಿದೀಪ್ತಿ ಮಾದರಿಗಳಿಗೆ ಮಾತ್ರ ಇದು ನೇರವಾಗಿ ಹೊಂದುವುದಿಲ್ಲ. ಬಣ್ಣದ ಅಣು ತಾನೇ ಬೆಳಕು ಬೀರುವಾಗ, ದೀಪ ಯಾವ ದಿಕ್ಕಿನಿಂದ ಬಂತೆಂಬ ಗುರುತು ಉಳಿಯುವುದಿಲ್ಲ.

## ಎಲೆಕ್ಟ್ರಾನ್ ಮತ್ತು ಎಕ್ಸ್‌ರೇಗಳಲ್ಲಿ

ಟೈಕೋಗ್ರಫಿಯ ಮೂಲ ಕಲ್ಪನೆ ಎಲೆಕ್ಟ್ರಾನ್ ಸೂಕ್ಷ್ಮದರ್ಶನದ್ದೇ. ಜರ್ಮನಿಯ ವಾಲ್ಟರ್ ಹೋಪೆ 1969ರಲ್ಲಿ ಇದನ್ನು ಮುಂದಿಟ್ಟರು. ಎಲೆಕ್ಟ್ರಾನಿನ ತರಂಗದೂರ ಪರಮಾಣುವಿಗಿಂತ ಬಹಳ ಚಿಕ್ಕದು. ಆದರೆ ಎಲೆಕ್ಟ್ರಾನುಗಳನ್ನು ಬಾಗಿಸುವ ಕಾಂತೀಯ ಮಸೂರಗಳ ದೋಷದಿಂದ ಆ ಅನುಕೂಲ ಪೂರ್ತಿ ದಕ್ಕುತ್ತಿರಲಿಲ್ಲ. ಇಲ್ಲಿ ದೀಪಗಳನ್ನು ಬದಲಿಸುವ ಬದಲು ಎಲೆಕ್ಟ್ರಾನ್ ಕಿರಣವನ್ನು ಮಾದರಿಯ ಮೇಲೆ ಬಿಂದುವಿನಿಂದ ಬಿಂದುವಿಗೆ ಸರಿಸಿ, ಪ್ರತಿ ಬಿಂದುವಿನಲ್ಲೂ ವಿವರ್ತನೆಯ ಪೂರ್ಣ ನಮೂನೆಯನ್ನು ದಾಖಲಿಸುತ್ತಾರೆ. ವೇಗದ ಶೋಧಕಗಳೂ ಸಾಕಷ್ಟು ಗಣಕಶಕ್ತಿಯೂ ಕೂಡಿ ಬಂದ ಮೇಲೆ ಇದು ಫಲ ಕೊಟ್ಟಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಮುಲ್ಲರ್ ಅವರ ತಂಡ 2018ರಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಹಾಳೆಯಲ್ಲಿ 0.39 ಆಂಗ್‌ಸ್ಟ್ರಾಂ, ಅಂದರೆ 0.039 ನ್ಯಾನೊಮೀಟರ್ ಸೂಕ್ಷ್ಮತೆಯನ್ನು ಸಾಧಿಸಿತು. 2021ರಲ್ಲಿ ಅದೇ ತಂಡ ತಲುಪಿದ ಮಟ್ಟದಲ್ಲಿ ಚಿತ್ರದಲ್ಲಿ ಉಳಿದ ಮಸುಕಿಗೆ ಮುಖ್ಯ ಕಾರಣ, ಶಾಖದಿಂದ ಪರಮಾಣುಗಳು ತಾವೇ ಕಂಪಿಸುತ್ತಿದ್ದುದು.

ಎಕ್ಸ್‌ರೇಗಳಿಗೆ ಒಳ್ಳೆಯ ಮಸೂರ ಮಾಡುವುದು ಇನ್ನೂ ಕಷ್ಟ. ಸ್ವಿಟ್ಜರ್ಲೆಂಡಿನ ಪಾಲ್ ಶೆರರ್ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಇಂಟೆಲ್ ಕಂಪನಿಯ ಪ್ರೊಸೆಸರ್ ಚಿಪ್ಪಿನ ತುಣುಕೊಂದನ್ನು ಪದರ ಬಿಚ್ಚದೆ, ಎಕ್ಸ್‌ರೇ ಟೈಕೋಗ್ರಫಿಯಿಂದ 14.6 ನ್ಯಾನೊಮೀಟರ್ ಸೂಕ್ಷ್ಮತೆಯಲ್ಲಿ ಮೂರು ಆಯಾಮದಲ್ಲಿ ಚಿತ್ರಿಸಿದರು. ಒಳಗಿನ ತಂತಿಗಳೂ ಟ್ರಾನ್ಸಿಸ್ಟರುಗಳೂ ಅದರಲ್ಲಿ ಕಾಣುತ್ತವೆ.

## ಅಣುವಿನ ನೆಲೆ ಗುರುತಿಸುವುದು

2014ರ ರಸಾಯನವಿಜ್ಞಾನದ ನೊಬೆಲ್ ಪಡೆದ ವಿಧಾನಗಳಲ್ಲಿ ಒಂದರ ಆತ್ಮ ಗಣನೆಯೇ. ಬೆಳಗುವ ಅಣುಗಳು ಒಮ್ಮೆಲೇ ಹೊತ್ತಿದರೆ ಅವುಗಳ ಮಸುಕು ತಟ್ಟೆಗಳು ಬೆರೆತುಹೋಗುತ್ತವೆ. ಒಂದು ಕ್ಷಣದಲ್ಲಿ ಬೆರಳೆಣಿಕೆಯಷ್ಟು ಅಣುಗಳು ಮಾತ್ರ, ದೂರದೂರದಲ್ಲಿ ಹೊತ್ತುವಂತೆ ಮಾಡಿದರೆ ಪ್ರತಿ ತಟ್ಟೆಯ ನಡುಬಿಂದುವನ್ನು ಲೆಕ್ಕ ಹಾಕಬಹುದು. ತಟ್ಟೆಯ ಹರಹು 100 ನ್ಯಾನೊಮೀಟರ್ ಇದ್ದು, ಅಣುವಿನಿಂದ 400 ಫೋಟಾನು ಸಿಕ್ಕರೆ, 400ರ ವರ್ಗಮೂಲವಾದ 20ರಿಂದ ಭಾಗಿಸಿ 5 ನ್ಯಾನೊಮೀಟರ್ ನಿಖರತೆ ಬರುತ್ತದೆ. ಸಾವಿರಾರು ಚೌಕಟ್ಟುಗಳಲ್ಲಿ ಹೀಗೆ ಗುರುತಿಸಿದ ಬಿಂದುಗಳೆಲ್ಲ ಸೇರಿ ಚಿತ್ರವಾಗುತ್ತದೆ. ಎರಿಕ್ ಬೆಟ್ಸಿಗ್ ಮತ್ತು ಹೆರಾಲ್ಡ್ ಹೆಸ್ ತಮ್ಮ ಮೊದಲ ಉಪಕರಣವನ್ನು ಹೆಸ್ ಅವರ ಮನೆಯ ಹಜಾರದಲ್ಲಿ ಕಟ್ಟಿದರು. ಇದೇ ತತ್ತ್ವದ ಎರಡು ವಿಧಾನಗಳು, ಅವರ ಪಾಮ್ ಮತ್ತು ಶಿಯಾವೊವೆ ಝುವಾಂಗ್ ಅವರ ಸ್ಟಾರ್ಮ್, 2006ರಲ್ಲಿ ಪ್ರಕಟವಾದವು. ಅದೇ ನೊಬೆಲ್ ಹಂಚಿಕೊಂಡ ಸ್ಟೆಫಾನ್ ಹೆಲ್ ಅವರ ಸ್ಟೆಡ್ ವಿಧಾನ ಮಿತಿಯನ್ನು ಮೀರುವುದು ಬೆಳಕಿನಿಂದಲೇ. ಅದಕ್ಕೆ ಮರುರಚನೆಯ ಹಂಗಿಲ್ಲ.

## ಎಲ್ಲೆಲ್ಲಿ ಬಳಕೆ?

ಸಿಮ್ ಹೆಚ್ಚು ಬಳಕೆಯಾಗುವುದು ಜೀವಂತ ಕೋಶಗಳ ಅಧ್ಯಯನದಲ್ಲಿ. ಒಂಬತ್ತೇ ಚಿತ್ರಗಳು ಸಾಕಾದ್ದರಿಂದ ಕೋಶದೊಳಗಿನ ಚಲನೆಯನ್ನು ಹಿಂಬಾಲಿಸಲು ಆಗುತ್ತದೆ; ಮೈಟೊಕಾಂಡ್ರಿಯಗಳು ಕೂಡುವುದು, ಒಡೆಯುವುದು ಇದರಲ್ಲಿ ಚೆನ್ನಾಗಿ ಕಾಣುತ್ತವೆ. ಪಾಮ್, ಸ್ಟಾರ್ಮ್‌ಗಳಿಗೆ ಸಾವಿರಾರು ಚೌಕಟ್ಟುಗಳು ಬೇಕಾದ್ದರಿಂದ ಅವು ಸ್ಥಿರಗೊಳಿಸಿದ ಮಾದರಿಗಳಿಗೆ ಹೆಚ್ಚು ಸೂಕ್ತ. ಫೋರಿಯರ್ ಟೈಕೋಗ್ರಫಿ ರೋಗಶಾಸ್ತ್ರದ ಸ್ಲೈಡುಗಳಿಗೆ ಹೇಳಿ ಮಾಡಿಸಿದಂತಿದೆ. ಬಯಾಪ್ಸಿಯ ತೆಳು ಪದರ ಸ್ಲೈಡಿನ ಮೇಲೆ ಒಂದೇ ಮಟ್ಟದಲ್ಲಿ ಕೂರದಿದ್ದರೂ ಆಮೇಲೆ ಫೋಕಸ್ ಸರಿಮಾಡಬಹುದು. ಬಣ್ಣ ಹಚ್ಚದ ಪಾರದರ್ಶಕ ಕೋಶಗಳನ್ನೂ ಪ್ರಾವಸ್ಥೆಯ ಚಿತ್ರದಲ್ಲಿ ಕಾಣಬಹುದು. ಎಲೆಕ್ಟ್ರಾನ್ ಟೈಕೋಗ್ರಫಿ ಬ್ಯಾಟರಿ, ವೇಗವರ್ಧಕ ಮತ್ತು ಅರೆವಾಹಕಗಳ ಸಂಶೋಧನೆಯ ಕಡೆ ಸಾಗುತ್ತಿದೆ.

## ನಂಬಿಕೆಯ ಪ್ರಶ್ನೆ

ಇತ್ತೀಚಿನ ವರ್ಷಗಳಲ್ಲಿ ಯಂತ್ರಕಲಿಕೆಯೂ ಇಲ್ಲಿಗೆ ಬಂದಿದೆ. ಮಸುಕು ಮತ್ತು ಸ್ಪಷ್ಟ ಚಿತ್ರಗಳ ಜೋಡಿಗಳನ್ನು ತೋರಿಸಿ ಪಳಗಿಸಿದ ನರಜಾಲ, ಹೊಸ ಮಸುಕು ಚಿತ್ರ ಕೊಟ್ಟಾಗ ಅದರ ಸ್ಪಷ್ಟ ರೂಪವನ್ನು ಊಹಿಸುತ್ತದೆ. ಮಂದ ಬೆಳಕಿನ ಚಿತ್ರಗಳ ಗದ್ದಲ ಕಳೆಯುವುದರಲ್ಲಿ ಇದು ತುಂಬ ಉಪಯುಕ್ತ. ಆದರೆ ಮೇಲಿನ ವಿಧಾನಗಳಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಸಿಮ್ ಮತ್ತು ಟೈಕೋಗ್ರಫಿಯಲ್ಲಿ ಪ್ರತಿ ವಿವರಕ್ಕೂ ಆ ಮಾದರಿಯಿಂದಲೇ ಬಂದ ಅಳತೆಯ ಆಧಾರವಿದೆ. ನರಜಾಲ ಒದಗಿಸುವ ವಿವರ ಎಷ್ಟೋ ಬಾರಿ ಹಿಂದೆ ನೋಡಿದ ಬೇರೆ ಮಾದರಿಗಳಿಂದ ಬಂದದ್ದು. ಅದು ಹಿಂದೆಂದೂ ನೋಡದ, ರೋಗದಿಂದ ವಿಕಾರಗೊಂಡ ಕೋಶ ಎದುರಾದಾಗ, ಮಾಮೂಲಿ ಕೋಶದ ಚಂದದ ಚಿತ್ರವನ್ನು ಬಿಡಿಸಿಕೊಡುವ ಅಪಾಯವಿದೆ. ರೋಗನಿರ್ಣಯಕ್ಕೆ ಇಂಥ ಚಿತ್ರವನ್ನು ಮಾತ್ರವೇ ಆಧರಿಸುವುದು ಸರಿಯಲ್ಲ.

ಪೂರ್ವಗ್ರಹದ ಈ ಅಪಾಯ ಹಳೆಯ ವಿಧಾನಗಳಿಗೂ ಇತ್ತು. ಹೆಪ್ಪುಗಟ್ಟಿಸಿದ ಮಾದರಿಗಳನ್ನು ನೋಡುವ ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶನದಲ್ಲಿ ಮಸುಕಾದ ಸಾವಿರಾರು ಕಣಗಳ ಚಿತ್ರಗಳನ್ನು ಒಂದು ಆಧಾರ ಚಿತ್ರಕ್ಕೆ ಹೊಂದಿಸಿ ಸರಾಸರಿ ತೆಗೆಯುತ್ತಾರೆ. ಬರೀ ಗದ್ದಲವೇ ತುಂಬಿದ ಸಾವಿರ ಚಿತ್ರಗಳನ್ನು ಐನ್‌ಸ್ಟೈನ್ ಭಾವಚಿತ್ರಕ್ಕೆ ಹೊಂದಿಸಿ ಸರಾಸರಿ ತೆಗೆದರೆ ಐನ್‌ಸ್ಟೈನ್ ಮುಖವೇ ಮೂಡುತ್ತದೆಂದು ಸಂಶೋಧಕರು ಮಾಡಿ ತೋರಿಸಿದ್ದಾರೆ. ಇದಕ್ಕೆ ತಡೆಯಾಗಿ ಅಳತೆಗಳನ್ನು ಎರಡು ಪಾಲು ಮಾಡಿ, ಎರಡನ್ನೂ ಪ್ರತ್ಯೇಕವಾಗಿ ಮರುರಚಿಸಿ, ಯಾವ ಆವೃತ್ತಿಯವರೆಗೆ ಎರಡೂ ಒಂದನ್ನೊಂದು ಹೋಲುತ್ತವೆಂದು ನೋಡುತ್ತಾರೆ. ಹೋಲಿಕೆ ಎಲ್ಲಿ ಮುರಿಯುತ್ತದೋ ಅಲ್ಲಿಗೆ ಚಿತ್ರದ ನಂಬಲರ್ಹ ಸೂಕ್ಷ್ಮತೆ ಮುಗಿಯಿತು.

## ಕಾಲೇಜಿನ ಪ್ರಯೋಗಾಲಯದಲ್ಲಿ

ಪದವಿ ಕಾಲೇಜುಗಳ ಸೂಕ್ಷ್ಮದರ್ಶಕಗಳಲ್ಲಿ ಸಾಮಾನ್ಯವಾಗಿ ಇರುವ ನಾಲ್ಕು ಪಟ್ಟಿನ ಮಸೂರದ ಎನ್‌ಎ 0.10. ಅದು ಫೋರಿಯರ್ ಟೈಕೋಗ್ರಫಿಗೆ ಸಾಕು. ಉಳಿದಂತೆ ಬೇಕಾದ್ದು, ಪ್ರತಿ ದೀಪವನ್ನೂ ಬಿಡಿಯಾಗಿ ಹೊತ್ತಿಸಬಲ್ಲ ಎಲ್‌ಇಡಿ ಹಲಗೆ, ಕಪ್ಪು ಚಿತ್ರಗಳನ್ನೂ ಹಿಡಿಯಬಲ್ಲ ಕ್ಯಾಮೆರಾ ಮತ್ತು ಒಂದು ಕಂಪ್ಯೂಟರ್. ಡಿಕನ್ವಲ್ಯೂಷನ್ ಕಲಿಯಲು ಇಷ್ಟೂ ಬೇಡ. ಇಮೇಜ್‌ಜೆ ಎಂಬ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ಭೌತವಿಜ್ಞಾನ, ಎಲೆಕ್ಟ್ರಾನಿಕ್ಸ್ ಮತ್ತು ಜೀವವಿಜ್ಞಾನದ ವಿದ್ಯಾರ್ಥಿಗಳು ಕೂಡಿ ಕೈಹಾಕಬಹುದಾದ ಪ್ರಾಜೆಕ್ಟ್ ಇದು. ಕೈಹಾಕುವವರು ಈರುಳ್ಳಿ ಸಿಪ್ಪೆಗಾಗಲಿ ರಕ್ತದ ಲೇಪಕ್ಕಾಗಲಿ ಹೋಗುವ ಮೊದಲು, ಅಂತರ ಮೊದಲೇ ಗೊತ್ತಿರುವ ಗೆರೆಗಳ ಅಳತೆ-ಸ್ಲೈಡಿನ ಮೇಲೆ ತಮ್ಮ ಲೆಕ್ಕವನ್ನು ಪರೀಕ್ಷಿಸಿಕೊಳ್ಳಬೇಕು. ಮರುರಚಿಸಿದ ಚಿತ್ರದ ಜೊತೆಗೆ ಕಚ್ಚಾ ಚಿತ್ರಗಳನ್ನೂ ಒಂದೂ ಬಿಡದೆ ಉಳಿಸಿಡಬೇಕು.